ಅತ್ತಿಗೆಯೂ ಸಹಕಿಣ್ವವೂ

ಫೆಬ್ರವರಿ ೩, ಸೋಮವಾರ

ಅತ್ತಿಗೆ ಬಂದಿಳಿದರು. ಎರಡು ಸೂಟ್‌ಕೇಸು, ಸ್ವಂತ ತಲೆದಿಂಬು, ಹಳೆಯದೊಂದು ರೇಡಿಯೋ, ಕುಂಡಸಮೇತ ಒಂದು ಗಿಡ. ಎರಡು ತಿಂಗಳಿಗೆ ಎಂದು ಅಣ್ಣ ಹೇಳಿದ್ದ. ಸಾಮಾನು ನೋಡಿದರೆ ಹಾಗೆ ಕಾಣುವುದಿಲ್ಲ.

ಅಣ್ಣನನ್ನು ಬೈಯುವ ಹಾಗೂ ಇಲ್ಲ. ಅವನು ಹಡಗಿನ ಎಂಜಿನಿಯರು, ಈಗ ಯಾವ ಸಮುದ್ರದ ನಡುವೆ ಇದ್ದಾನೋ. ಅವರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ವರ್ಷದ ಕೊನೆಗೆ ಅತ್ತಿಗೆಗೆ ಒಂದು ಜ್ವರ ಬಂತು. ಜ್ವರ ಹೋಯಿತು, ಸುಸ್ತು ಉಳಿದುಕೊಂಡಿತು. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಾರಂತೆ. ನನ್ನದು ನೆಲಮಹಡಿ. ಗಂಡ ಇಲ್ಲ, ಮಕ್ಕಳಿಲ್ಲ. "ಪುಟ್ಟಿ, ನೀನು ಓದ್ತಿರೋದೇ ಸುಸ್ತಿನ ಬಗ್ಗೆ ಅಲ್ವಾ? ಸ್ವಲ್ಪ ನೋಡ್ಕೋ," ಎಂದ ಅಣ್ಣ ಫೋನಿನಲ್ಲಿ. ನಾನು ಓದುತ್ತಿರುವುದು ಇಲಿಗಳ ಸ್ನಾಯುವಿನಲ್ಲಿರುವ ಒಂದು ಸಹಕಿಣ್ವದ ಬಗ್ಗೆ. ಇದನ್ನು ಮನೆಯವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಓದುವ ಕೋಣೆಯನ್ನು ಬಿಟ್ಟುಕೊಟ್ಟೆ. ನನ್ನ ಮೇಜು ಈಗ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕಕ್ಕೆ ಬಂದಿದೆ. ನಾನು ಯೋಚನೆಗೆ ಕೂತಾಗಲೆಲ್ಲ ಅದು ಗುರ್ರೆನ್ನುತ್ತದೆ.

ಫೆಬ್ರವರಿ ೫, ಬುಧವಾರ

ಬೆಳಗ್ಗೆ ಏಳಕ್ಕೆ ರೇಡಿಯೋ. ವಾರ್ತೆ ಓದುವವನಿಗೆ ಅತ್ತಿಗೆ ಉತ್ತರ ಕೊಡುತ್ತಾರೆ. "ಹೌದಪ್ಪ, ನೀನು ಹೇಳ್ದೆ, ನಾನು ನಂಬಿದೆ." ನಾನು ಹದಿನೈದು ವರ್ಷದಿಂದ ಬೆಳಗಿನ ಚಹಾವನ್ನು ಮೌನದಲ್ಲಿ ಕುಡಿದವಳು.

ಫೆಬ್ರವರಿ ೧೬, ಭಾನುವಾರ

ಲ್ಯಾಬಿನಿಂದ ಮಧ್ಯಾಹ್ನ ಬಂದಾಗ ಅತ್ತಿಗೆ ಕನ್ನಡಿಯ ಮುಂದೆ ನಿಂತಿದ್ದರು. ಕೈಯಲ್ಲಿ ಬಾಚಣಿಗೆ. ಕೈ ಭುಜದ ಮಟ್ಟಕ್ಕೆ ಬಂತು, ನಡುಗಿತು, ಇಳಿಯಿತು. ಮತ್ತೆ ಎತ್ತಿದರು, ಮತ್ತೆ ಇಳಿಯಿತು. ನನ್ನನ್ನು ಕಂಡು ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡು ನಕ್ಕರು.

ಅವರದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಒಂದೇ ಕುರ್ಚಿಯದು, ಆದರೆ ಆ ಕುರ್ಚಿಗೆ ಜನ ವಾರ ಮುಂಚೆ ಹೇಳಿಡುತ್ತಿದ್ದರು. ಜ್ವರ ಬಂದಾಗ ಎಳೆದ ಬಾಗಿಲು ಇನ್ನೂ ತೆರೆದಿಲ್ಲ. ಗಿರಾಕಿಗಳು ದಿನಾ ಫೋನ್ ಮಾಡುತ್ತಾರೆ. "ಬರ್ತೀನಿ ಬರ್ತೀನಿ, ಇನ್ನೊಂಚೂರು," ಎನ್ನುತ್ತಾರೆ ಅತ್ತಿಗೆ. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಕೈ ಮೇಲೇಳ್ದೇ ಇದ್ರೆ ಕಾಲ್ಬೆರಳಲ್ಲಿ ಕತ್ತರಿ ಹಿಡೀಲಾ ಹೇಳು," ಎಂದರು.

ನಾನು ಸಹಕಿಣ್ವದ ವಿಷಯ ಹೇಳಿದೆ. ನನಗೆ ಮಾತು ಸಿಗದಾಗ ಬರುವುದು ಅದೊಂದೇ. ಅದರ ಪೂರ್ತಿ ಹೆಸರು ಒಂದು ಉಸಿರಿಗೆ ಮುಗಿಯುವುದಿಲ್ಲ, ಎನ್‌ಎಡಿ ಎಂದರೆ ಸಾಕು. ತಿಂದ ಅನ್ನದಿಂದ ಇಲೆಕ್ಟ್ರಾನುಗಳನ್ನು ಹೊತ್ತುಕೊಂಡು ಹೋಗಿ, ಜೀವಕೋಶದೊಳಗಿನ ಒಲೆಯಂಥ ಒಂದು ಜಾಗಕ್ಕೆ ಕೊಟ್ಟು, ಬರಿಗೈಯಲ್ಲಿ ವಾಪಸು ಬಂದು ಮತ್ತೆ ಹೊರುವುದು ಅದರ ಕೆಲಸ. ಬದುಕಿರುವಷ್ಟು ಹೊತ್ತೂ ಅದೇ ಓಡಾಟ. ಇಲಿಗಳಿಗೆ ವಯಸ್ಸಾದಂತೆ ಸ್ನಾಯುವಿನಲ್ಲಿ ಅದು ಕಡಿಮೆಯಾಗುತ್ತದೆ. ಅದನ್ನು ಮತ್ತೆ ಹೆಚ್ಚಿಸಿದರೆ ದಣಿವು ಕಡಿಮೆಯಾದೀತೇ ಎನ್ನುವುದು ನಮ್ಮ ಪ್ರಶ್ನೆ.

"ಅಂದ್ರೆ ನಮ್ಮ ಅಂಗಡಿ ಟವೆಲ್ ಥರ," ಎಂದರು ಅತ್ತಿಗೆ. "ಒದ್ದೆ ಆಗತ್ತೆ, ಒಣಗತ್ತೆ, ಮತ್ತೆ ಬರತ್ತೆ. ಟವೆಲ್ ಇಲ್ದೇ ಇದ್ರೆ ಎಷ್ಟು ಗಿರಾಕಿ ಬಂದ್ರೂ ಕೆಲಸ ನಿಲ್ಲತ್ತೆ."

ತಪ್ಪೇನಿಲ್ಲ. ನಾಳೆ ಹೊಸ ವಿದ್ಯಾರ್ಥಿಗಳಿಗೆ ಹೇಳಿದರೂ ನಡೆಯುತ್ತದೆ. ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಮಾರ್ಚ್ ೨, ಭಾನುವಾರ

ಬಂತು! ಎನ್‌ಎಡಿ ಹೆಚ್ಚಿಸುವ ಪುಡಿ ಬೆರೆಸಿದ ಆಹಾರ ತಿಂದ ಮುದಿ ಇಲಿಗಳು ಓಡುವ ಪಟ್ಟಿಯ ಮೇಲೆ ಉಳಿದವುಗಳಿಗಿಂತ ಬಹಳ ಹೊತ್ತು ಓಡಿದವು. ಎರಡನೇ ತಂಡದಲ್ಲೂ ಹಾಗೆಯೇ. ಸ್ನಾಯುವಿನ ಚೂರುಗಳನ್ನು ತೆಗೆದ ತಕ್ಷಣ ದ್ರವ ಸಾರಜನಕಕ್ಕೆ ಹಾಕಿ ಹೆಪ್ಪುಗಟ್ಟಿಸಿದ್ದೆ, ತಡವಾದರೆ ಸಹಕಿಣ್ವ ಕರಗಿಹೋಗುತ್ತದೆ. ಪ್ರತಿ ಚೂರನ್ನೂ ಎರಡು ಮಾಡಬೇಕು. ಹೊರೆ ಹೊತ್ತ ಎನ್‌ಎಡಿ ಆಮ್ಲದಲ್ಲಿ ಸಾಯುತ್ತದೆ, ಬರಿಗೈಯದು ಕ್ಷಾರದಲ್ಲಿ ಸಾಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಉಳಿಸಿಕೊಂಡು ಅಳೆದೆ. ಎರಡೂ ಏರಿವೆ.

ಫಲಿತಾಂಶದ ಹಾಳೆ ನೋಡಿದ ನಮ್ಮ ಪ್ರೊಫೆಸರ್ ಎದ್ದು ನಿಂತು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅದೇ ಹಾಳೆಯನ್ನು ನೋಡಿದರು. ಈ ವರ್ಷದ ಕೊನೆಗೆ ಅವರು ನಿವೃತ್ತರಾಗುತ್ತಾರೆ. ಜುಲೈ ಸಮ್ಮೇಳನದಲ್ಲಿ ಅವರದೇ ಮುಖ್ಯ ಉಪನ್ಯಾಸ. "ಹೋಗೋವಾಗ ಕೈಯಲ್ಲಿ ಏನಾದ್ರೂ ಇಟ್ಕೊಂಡು ಹೋಗ್ತೀನಿ ಕಣಮ್ಮ," ಎಂದರು.

ಮನೆಯಲ್ಲಿ ಹೇಳಿದೆ. ಅತ್ತಿಗೆ ರೇಡಿಯೋ ಆರಿಸಿ ಎರಡು ಸಲ ಹೇಳಿಸಿದರು.

ಮಾರ್ಚ್ ೧೧, ಮಂಗಳವಾರ

"ಇಲಿಗೆ ಕೊಡೋ ಪುಡಿ ನನಗೂ ಒಂಚೂರು ತಂದ್ಕೊಡೇ."

ಆಗುವುದಿಲ್ಲ ಎಂದೆ. ಲ್ಯಾಬಿನ ಪುಡಿ ಮನುಷ್ಯರಿಗಲ್ಲ. ಇಲಿಗೆ ಆದದ್ದು ಅತ್ತಿಗೆಗೆ ಆಗಬೇಕೆಂದಿಲ್ಲ. ಮುದಿತನದ ದಣಿವೇ ಬೇರೆ, ಜ್ವರದ ನಂತರದ ದಣಿವೇ ಬೇರೆ. ನಾನು ವೈದ್ಯೆಯೂ ಅಲ್ಲ. "ಹಾಗಾದ್ರೆ ನಿನ್ನನ್ನ ಎಲ್ರೂ ಡಾಕ್ಟರ್ ಅನ್ನೋದ್ಯಾಕೆ?" ಎಂದು ಕೇಳಿದರು.

ನಿಜವಾದ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಸಣ್ಣ ವಯಸ್ಸಿನವರು, ಅವಸರವಿಲ್ಲದವರು. ರಕ್ತ, ಹೃದಯ ಎಲ್ಲ ನೋಡಿಯಾಗಿದೆ, ಸುಸ್ತು ನಿಧಾನಕ್ಕೆ ಹೋಗುತ್ತದೆ, ಹೋಗುವ ತನಕ ಮೈಯನ್ನು ಹಠಕ್ಕೆ ಹಚ್ಚಬೇಡಿ ಎಂದರು. "ಎಷ್ಟು ಮಾಡಬಲ್ಲೆ ಅನ್ಸತ್ತೋ ಅದರಲ್ಲಿ ಅರ್ಧ ಮಾಡಿ, ಆಮೇಲೆ ಕೂತ್ಕೊಳಿ." ಅತ್ತಿಗೆ ಬಿಡಲಿಲ್ಲ, ಪುಡಿಯ ವಿಷಯ ತೆಗೆದರು. ಅದೇ ಜಾತಿಯ ಮಾತ್ರೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಜೀವಸತ್ವದ ನೆಂಟ, ಬೇಕಾದರೆ ತಗೊಳ್ಳಿ, ಒಳ್ಳೆಯದಾಗುತ್ತದೆ ಎಂದು ನಾನು ಹೇಳುವುದಿಲ್ಲ ಎಂದರು ವೈದ್ಯೆ.

ಅತ್ತಿಗೆಗೆ ಕೇಳಿಸಿದ್ದು "ತಗೊಳ್ಳಿ" ಎಂಬುದಷ್ಟೇ. ಔಷಧಿ ಅಂಗಡಿಯವನಿಗೆ ನನ್ನನ್ನು ತೋರಿಸಿ, "ಇದನ್ನ ಕಂಡುಹಿಡ್ದಿದ್ದು ನಮ್ಮ ನಾದಿನಿನೇ," ಎಂದರು. ನಾನು ಹುಟ್ಟುವ ಎಷ್ಟೋ ಮೊದಲು ಕಂಡುಹಿಡಿದಾಗಿತ್ತು ಎಂದು ವಿವರಿಸಿದೆ. ಅವನು ವಿನಯದಿಂದ ತಲೆಯಾಡಿಸಿ, ತನ್ನ ಮಂಡಿನೋವಿಗೆ ಏನಾದರೂ ಇದೆಯೇ ಎಂದು ಕೇಳಿದ.

ಮಾರ್ಚ್ ೨೪, ಸೋಮವಾರ

ನಿನ್ನೆ ನಾನು ಲ್ಯಾಬಿನಲ್ಲಿದ್ದಾಗ ಅತ್ತಿಗೆ ಇಡೀ ಮನೆ ತೊಳೆದಿದ್ದಾರೆ. ಕಿಟಕಿ, ಪರದೆ, ನನ್ನ ಪುಸ್ತಕಗಳ ಹಿಂದಿನ ಧೂಳು ಕೂಡ. "ಮೈ ಹಗುರಾಗಿತ್ತು," ಅಂತೆ. ಇವತ್ತು ಹಾಸಿಗೆಯಿಂದ ಏಳಲಾಗಲಿಲ್ಲ. ಚಹಾದ ಲೋಟ ಹಿಡಿದುಕೊಳ್ಳಲೂ ಆಗಲಿಲ್ಲ.

ಲ್ಯಾಬಿಗೆ ಹೊರಟವಳು ಬಾಗಿಲಿನಿಂದ ವಾಪಸು ಬಂದೆ. ಬೈದೆ. ಚೆನ್ನಾಗಿಯೇ ಬೈದೆ. ವೈದ್ಯೆ ಹೇಳಿದ ಅರ್ಧ ಎಂದರೆ ಏನು, ನಿಮಗೆ ಅರ್ಧದ ಅರ್ಥ ಗೊತ್ತಿಲ್ಲವೇ, ನನ್ನ ಪುಸ್ತಕಗಳ ಹಿಂದಿನ ಧೂಳು ನಿಮಗೆ ಏನು ಮಾಡಿತ್ತು ಎಂದೆಲ್ಲ. ಅತ್ತಿಗೆ ಗೋಡೆ ಕಡೆ ಮುಖ ಮಾಡಿಕೊಂಡು ಕೇಳಿಸಿಕೊಂಡರು. ಆಮೇಲೆ ಹೇಳಿದರು, "ನನಗೆ ನನ್ನ ಕೈ ಬೇಕು ಕಣೇ. ಬೇರೇನೂ ಬೇಡ."

ಸೂಪು ಮಾಡಿದೆ. ಚಮಚದಲ್ಲಿ ಕುಡಿಸಿದೆ. ಉಪ್ಪು ಜಾಸ್ತಿಯಾಗಿತ್ತು. ಅವರು ಏನೂ ಅನ್ನಲಿಲ್ಲ. ಅತ್ತಿಗೆ ಏನೂ ಅನ್ನಲಿಲ್ಲ ಎಂದರೆ ಎಷ್ಟು ಸುಸ್ತಾಗಿತ್ತು ಎಂದು ಗೊತ್ತಾಗುತ್ತದೆ.

ಏಪ್ರಿಲ್ ೬, ಭಾನುವಾರ

ಇವತ್ತು ಲ್ಯಾಬಿಗೆ ಹೋಗಲಿಲ್ಲ. ಇಲಿಗಳನ್ನು ನೋಡಿಕೊಳ್ಳಲು ಗಡಿಯಾರ ಇದ್ದಾನೆ. ನನ್ನ ಸಹೋದ್ಯೋಗಿಗೆ ನಾವಿಟ್ಟ ಹೆಸರು ಅದು. ಊಟದ ಡಬ್ಬಿಯನ್ನು ಕೂಡ ಹೇಳಿದ ಹೊತ್ತಿಗಿಂತ ಮೊದಲು ತೆರೆಯುವವನಲ್ಲ. ಹವೆ ಚೆನ್ನಾಗಿತ್ತು, ಅದಕ್ಕೇ ರಜೆ ಹಾಕಿದೆ. ಬೇರೆ ಕಾರಣವಿಲ್ಲ.

ಅತ್ತಿಗೆಯೊಡನೆ ಬೀದಿಯ ತಿರುವಿನವರೆಗೆ ನಡೆದೆ. ಅಲ್ಲಿ ಒಂದು ಬೆಂಚು. ಕೂತು, ಹೋಗಿಬರುವವರ ತಲೆ ನೋಡಿದೆವು. "ಇವಳಿಗೆ ಕಿವಿ ಮುಚ್ಚೋ ಹಾಗೆ ಕತ್ತರಿಸ್ಬೇಕಿತ್ತು." "ಇವನಿಗೆ ಯಾರೋ ಸಿಟ್ಟಲ್ಲಿದ್ದಾಗ ಕತ್ತರಿಸಿದಾರೆ." ಒಬ್ಬಾಕೆ ಹೋದಾಗ ಅತ್ತಿಗೆ ಮಾತಾಡದೆ ಕೈಮುಗಿದರು. ಅಷ್ಟು ಚೆನ್ನಾಗಿತ್ತಂತೆ. ನಾನು ಇಷ್ಟು ವರ್ಷ ಇದೇ ಬೀದಿಯಲ್ಲಿ ಓಡಾಡಿದ್ದೇನೆ, ಒಂದು ತಲೆಯನ್ನೂ ನೋಡಿರಲಿಲ್ಲ.

ವಾಪಸು ಬರುವಾಗ ನನ್ನ ತೋಳು ಹಿಡಿದುಕೊಂಡರು. ಭಾರ ಹಾಕಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು.

ಏಪ್ರಿಲ್ ೧೫, ಮಂಗಳವಾರ

ಸಂಜೆ ಬಂದ ಕೂಡಲೇ ಕೈ ಎಷ್ಟು ಮೇಲೆ ಹೋಗುತ್ತದೆ ನೋಡುವುದು ಈಗ ರೂಢಿಯಾಗಿದೆ. ಇವತ್ತು ಕಿವಿಯನ್ನು ದಾಟಿತು! ನೆತ್ತಿಯವರೆಗೆ ಹೋಗಿ, ನಡುಗದೆ ನಿಂತಿತು. ಇಬ್ಬರೂ ಕನ್ನಡಿಯಲ್ಲಿ ನೋಡುತ್ತ ನಿಂತೆವು, ಆ ಕೈ ಯಾರದೋ ಎಂಬ ಹಾಗೆ.

"ಎಲ್ಲಾ ನಿನ್ನ ಮಾತ್ರೆ ಕಣೇ," ಎಂದರು ಅತ್ತಿಗೆ. ಬೆಳಗ್ಗೆ ನನ್ನ ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತಾರೆ, ಚಪ್ಪರಿಸಿಕೊಂಡು. ಅಣ್ಣನ ಫೋನ್ ಬಂದಾಗ, "ನಿಮ್ಮ ತಂಗಿ ನನ್ನ ಕೈ ವಾಪಸು ಕೊಡಿಸಿದ್ಳು," ಎಂದು ಇಡೀ ಹಡಗಿಗೆ ಕೇಳಿಸುವಂತೆ ಹೇಳಿದರು.

ಒಬ್ಬರ ಮಾತಿನಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ವೈದ್ಯೆಯ ಪ್ರಕಾರ ಹೇಗೂ ಕಡಿಮೆಯಾಗುವ ಕಾಲವೇ ಇದು. ಇಷ್ಟೆಲ್ಲ ತಿಳಿದೂ ಹೆಮ್ಮೆಯಾಯಿತು. ಯಾರಿಗೂ ತೋರಿಸುವುದಿಲ್ಲವಲ್ಲ, ಬರೆದಿಟ್ಟರೆ ತಪ್ಪಿಲ್ಲ.

ಏಪ್ರಿಲ್ ೨೮, ಸೋಮವಾರ

ಇಲಿಕೋಣೆಯಲ್ಲಿ ನಲ್ಲಿಯ ಕೊಳವೆ ಒಡೆದು ಕೆಳಗಿನ ಶೆಲ್ಫಿನ ಪಂಜರಗಳೆಲ್ಲ ತೊಪ್ಪೆ. ಮೂರನೇ ತಂಡ ಈಗಷ್ಟೇ ಶುರುವಾಗಿತ್ತು. ಪುಡಿ ತಿನ್ನುವ ಇಲಿಗಳನ್ನು ಮೇಲಕ್ಕೆ, ಉಳಿದವನ್ನು ಒಣಗಿದ ಮೇಲೆ ಕೆಳಕ್ಕೆ ಬದಲಾಯಿಸಿದೆವು. ಮೈಯೆಲ್ಲ ಒದ್ದೆ. ಅತ್ತಿಗೆ ಒಣ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಗಡಿಯಾರ ಫೋನ್ ಮಾಡಿ ಹೇಳಿದ್ದನಂತೆ. ಇವರಿಬ್ಬರೂ ಯಾವಾಗಿನಿಂದ ಫೋನಿನಲ್ಲಿ ಮಾತಾಡುತ್ತಿದ್ದಾರೆ?

ಮೇ ೯, ಶುಕ್ರವಾರ

ಇದೇನು ಬಂತು.

ಮೂರನೇ ತಂಡದ ಮೊದಲ ಓಟ ಇವತ್ತು. ಪುಡಿ ತಿಂದವು ಬೇಗ ನಿಂತವು. ತಿನ್ನದವು ಓಡಿದವು.

ಪಂಜರ ಅದಲುಬದಲಾಗಿದೆಯೇ ಎಂದು ಒಂದೊಂದೇ ಚೀಟಿ ನೋಡಿದೆ. ಸರಿಯಾಗಿದೆ. ಆಮೇಲೆ ಇಲಿಕೋಣೆಗೆ ಹೋಗಿ ಶೆಲ್ಫಿನ ಎದುರು ನಿಂತೆ. ಮೇಲಿನ ಶೆಲ್ಫಿನ ನೆತ್ತಿಯ ಮೇಲೆಯೇ ದೀಪ, ಗಾಳಿ ಬರುವ ಕಿಂಡಿ. ಕೆಳಗಿನದು ಕತ್ತಲು, ಬೆಚ್ಚಗೆ. ಇಲಿ ಹಗಲು ನಿದ್ದೆ ಮಾಡುವ ಪ್ರಾಣಿ. ಹಗಲೆಲ್ಲ ಬೆಳಕಿನ ಕೆಳಗೆ ಕಣ್ಣು ಮುಚ್ಚಲಾಗದ ಇಲಿ ಓಡುವುದು ಹೇಗೆ? ಆಹಾರ ಬೆರಕೆಯಾಗಬಾರದೆಂದು ಪುಡಿಯವನ್ನೆಲ್ಲ ಮೊದಲಿನಿಂದಲೂ ಕೆಳಗೇ ಇಡುತ್ತ ಬಂದಿದ್ದೆವು.

ಓಡಿದ್ದು ಸಹಕಿಣ್ವವೋ ನಿದ್ದೆಯೋ?

ಗಡಿಯಾರನಿಗೆ ಮಾತ್ರ ಹೇಳಿದೆ. ಅವನು ಹೊಸದಾಗಿ ಇನ್ನೊಂದು ತಂಡ ಮಾಡಿ, ಎರಡೂ ಗುಂಪನ್ನು ಎರಡೂ ಶೆಲ್ಫಿಗೆ ಸಮನಾಗಿ ಹಂಚಿ, ಯಾವುದು ಯಾವುದೆಂದು ನನಗೆ ಗೊತ್ತಾಗದ ಹಾಗೆ ಗುರುತು ಹಾಕುತ್ತಾನೆ. ಕೆಲವು ವಾರ ಕಾಯಬೇಕು. ಖಚಿತವಾಗುವವರೆಗೆ ಪ್ರೊಫೆಸರಿಗೆ ಹೇಳುವುದು ಬೇಡ. ಮನೆಯಲ್ಲಂತೂ ಬೇಡವೇ ಬೇಡ.

ಮೇ ೧೩, ಮಂಗಳವಾರ

ಅತ್ತಿಗೆ ಕೇಳಿದರು, "ಯಾಕೆ ಹೀಗಿದೀಯ?" ಫ್ರಿಜ್ಜಿನ ಸದ್ದು ಎಂದೆ. ಅವರು ಫ್ರಿಜ್ಜಿನ ಕೆಳಗೆ ಮಡಚಿದ ರಟ್ಟು ಇಟ್ಟರು. ಸದ್ದು ನಿಂತುಹೋಯಿತು. ಇಷ್ಟು ಸುಲಭವಿತ್ತೇ.

ಮೇ ೩೦, ಶುಕ್ರವಾರ

ಅಂಗಡಿ ತೆರೆಯಿತು. ಬೆಳಗ್ಗೆ ಮಾತ್ರ, ಇಬ್ಬರು ಗಿರಾಕಿ ಮಾತ್ರ, ನಡುವೆ ಒಂದು ಗಂಟೆ ಒರಗಿಕೊಳ್ಳುವುದು. ಎಲ್ಲ ಅರ್ಧ. ಕಲಿತಿದ್ದಾರೆ.

ನಾನು ಹೋಗುವ ಹೊತ್ತಿಗೆ ಎರಡನೆಯವರ ಕೂದಲು ಮುಗಿಯುತ್ತಿತ್ತು. ಅತ್ತಿಗೆಯ ಕೆಲಸವನ್ನು ಇಷ್ಟು ಹತ್ತಿರದಿಂದ ನಾನು ನೋಡಿದವಳಲ್ಲ. ಎಡಗೈ ಬೆರಳುಗಳ ನಡುವೆ ಕೂದಲು ಎತ್ತಿ ಹಿಡಿಯುತ್ತಾರೆ, ಬಲಗೈ ಹಿಂಬಾಲಿಸುತ್ತದೆ, ಮಾತು ಮಾತ್ರ ಬೇರೆಲ್ಲೋ ಇರುತ್ತದೆ. ಮಾತು ಇದ್ದದ್ದು ನನ್ನ ಮೇಲೆಯೇ. "ನಮ್ಮ ನಾದಿನಿ ಮಾತ್ರೆ ಇಲ್ದಿದ್ರೆ ನಾನಿನ್ನೂ ಮಲಗೇ ಇರ್ತಿದ್ದೆ." ಗಿರಾಕಿ ಕನ್ನಡಿಯಲ್ಲೇ ನನಗೆ ಕೈ ಮುಗಿದರು.

ನಾನು ಟವೆಲ್ ಮಡಚುತ್ತ ನಿಂತೆ. ಹೇಳಲಾಗಲಿಲ್ಲ. ನಂಬಿಕೆ ಹೋದರೆ ಅದರ ಜೊತೆ ಕೈಯೂ ಇಳಿದರೆ? ಅಂಥದ್ದು ಆಗುತ್ತದೆ ಎಂದು ಓದಿದ್ದೇನೆ. ಆಗುವುದಿಲ್ಲ ಎಂದೂ ಓದಿದ್ದೇನೆ.

ಜೂನ್ ೬, ಶುಕ್ರವಾರ

ಗಡಿಯಾರ ಗುರುತುಗಳನ್ನು ಬಿಡಿಸಿದ. ಸಹಕಿಣ್ವ ಏರಿದೆ, ಮೇಲಿನ ಶೆಲ್ಫಿನಲ್ಲೂ ಕೆಳಗಿನ ಶೆಲ್ಫಿನಲ್ಲೂ. ಓಟ ಏರಿಲ್ಲ. ಚೆನ್ನಾಗಿ ಓಡಿದವು ಕೆಳಗಿನ ಶೆಲ್ಫಿನವು, ಪುಡಿ ತಿಂದಿರಲಿ ಬಿಟ್ಟಿರಲಿ.

ಪ್ರೊಫೆಸರಿಗೆ ಹೇಳಿದೆ. ಅವರು ಹಾಳೆಗಳನ್ನು ಮುಟ್ಟಲಿಲ್ಲ.

"ಮೂರು ವರ್ಷದ ಕೆಲಸನ ಒಂದು ಹಲಗೆ ಮೇಲೆ ಹೊರಿಸ್ತಿದೀಯಾ?"

"ಹಲಗೆ ಅಲ್ಲ ಸರ್, ಬೆಳಕು."

"ಯಾವುದೋ ಒಂದು. ಇದನ್ನ ನೀನು ಜುಲೈ ಆದ್ಮೇಲೆ ಕಂಡುಹಿಡೀಬಹುದಿತ್ತು."

ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದವರಲ್ಲ. ಈಗಲೂ ಎತ್ತಲಿಲ್ಲ. ಅದೇ ಕಷ್ಟವಾಯಿತು. ಕೋಟು ತೆಗೆದುಕೊಂಡು ಹೊರಟುಹೋದರು, ಛತ್ರಿ ಮರೆತು.

ಜೂನ್ ೧೧, ಬುಧವಾರ

ಪ್ರೊಫೆಸರ್ ಮಾತಾಡುತ್ತಿಲ್ಲ. ಮನೆಗೆ ಬಂದು ಅಳಬಾರದು ಎಂದುಕೊಂಡಿದ್ದೆ. ಅತ್ತಿಗೆ ಪಕ್ಕದಲ್ಲಿ ಕೂತು ರೇಡಿಯೋ ಹಚ್ಚಿದರು, ದೊಡ್ಡ ಸದ್ದಿನಲ್ಲಿ. ಅದರ ಮರೆಯಲ್ಲಿ ಸ್ವಲ್ಪ ಹೊತ್ತು ಅತ್ತೆ.

ಜೂನ್ ೧೬, ಸೋಮವಾರ

ಇಲಿಕೋಣೆಗೆ ಹೋದರೆ ಪ್ರೊಫೆಸರ್ ಅಲ್ಲಿದ್ದರು. ಸ್ಟೂಲು ಹಾಕಿಕೊಂಡು ಶೆಲ್ಫಿನ ಎದುರು ಕೂತಿದ್ದಾರೆ. ಎಷ್ಟು ಹೊತ್ತಿನಿಂದ ಕೂತಿದ್ದರೋ, ಇಲಿಗಳು ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂದು ಸಲ ಬಗ್ಗಿ ಕೆಳಗೆ ನೋಡಿದರು. ಒಂದು ಸಲ ಎದ್ದು, ಮೇಲಿನ ಪಂಜರದ ಮಟ್ಟಕ್ಕೆ ತಲೆ ಇಟ್ಟು ದೀಪದ ಕಡೆ ಕಣ್ಣು ಕಿರಿದು ಮಾಡಿದರು.

"ಇಲ್ಲಿ ನನಗೇ ನಿದ್ದೆ ಬರಲ್ಲ," ಎಂದರು.

ನಾನು ಬಾಗಿಲಲ್ಲೇ ನಿಂತೆ.

"ಎನ್‌ಎಡಿ ಏರಿದ್ದು ನಿಜ ತಾನೇ?"

"ನಿಜ ಸರ್."

"ಓಟ ಏರ್ಲಿಲ್ಲ."

"ಇಲ್ಲ ಸರ್."

"ಹಾಗಾದ್ರೆ ಹಾಗೇ ಹೇಳೋಣ. ಬೇರೆಯವರ ಶೆಲ್ಫು ಹೇಗಿದೆಯೋ ಅವರೂ ಹೋಗಿ ನೋಡ್ಕೊಳ್ಲಿ." ಎದ್ದು ಹೊರಡುವಾಗ ನನ್ನ ಭುಜದ ಮೇಲೆ ಕೈ ಇಟ್ಟರು. "ಆವತ್ತು ಜುಲೈ ಅಂದದ್ದು ನಾನಲ್ಲ ಕಣಮ್ಮ. ನನ್ನ ವಯಸ್ಸು."

ಛತ್ರಿ ಕೊಟ್ಟೆ.

ಜೂನ್ ೨೧, ಶನಿವಾರ

ಇನ್ನು ಅತ್ತಿಗೆಗೆ ಹೇಳದೆ ಇರುವುದು ಸರಿಯಲ್ಲ. ಸಮ್ಮೇಳನದಲ್ಲಿ ಊರಿಗೆಲ್ಲ ಹೇಳಿ ಮನೆಯಲ್ಲಿ ಬಚ್ಚಿಡುವುದು ಯಾವ ನ್ಯಾಯ? ಮಧ್ಯಾಹ್ನ ಅಂಗಡಿಗೆ ಹೋದೆ. ಗಿರಾಕಿಗಳು ಹೋಗಿಯಾಗಿತ್ತು. ಅತ್ತಿಗೆ ಕತ್ತರಿಗಳನ್ನು ಒರೆಸುತ್ತ ಕೂತಿದ್ದರು. ಬಿದ್ದ ಕೂದಲು ಗುಡಿಸುವ ಕೆಲಸ ಈಗ ನನ್ನದು, ಬಗ್ಗುವುದು ಅವರಿಗೆ ಕಷ್ಟ. ಗುಡಿಸುತ್ತಲೇ ಹೇಳಿದೆ. ಮುಖ ನೋಡುವ ಅಗತ್ಯವಿರುವುದಿಲ್ಲ.

"ಅತ್ತಿಗೆ, ಆ ಮಾತ್ರೆ ಇದೆಯಲ್ಲ."

"ಯಾವ ಮಾತ್ರೆ?"

"ನೀವು ದಿನಾ ತಗೊಳ್ಳೋದು. ನಮ್ಮ ಇಲಿಗಳು ಓಡಿದ್ದು ಅದರಿಂದ ಅಲ್ಲ. ಕತ್ತಲಲ್ಲಿ ಇಟ್ಟಿದ್ವಿ, ಚೆನ್ನಾಗಿ ನಿದ್ದೆ ಮಾಡಿದ್ವು, ಅದಕ್ಕೇ ಓಡಿದ್ವು. ನಾನು ತಪ್ಪು ತಿಳ್ಕೊಂಡಿದ್ದೆ."

"ಟವೆಲ್ ಜಾಸ್ತಿ ಆಗ್ಲಿಲ್ವಾ ಹಾಗಾದ್ರೆ?"

"ಟವೆಲ್ ಜಾಸ್ತಿ ಆಯ್ತು. ಗಿರಾಕಿ ಜಾಸ್ತಿ ಆಗ್ಲಿಲ್ಲ."

ಅತ್ತಿಗೆ ಕತ್ತರಿಯನ್ನು ಕೆಳಗಿಟ್ಟ ಸದ್ದು ಕೇಳಿಸಿತು. ನಾನು ಒಂದೇ ಜಾಗವನ್ನು ಗುಡಿಸುತ್ತಿದ್ದೆ.

"ಅಯ್ಯೋ ಅದಾ! ಅದನ್ನ ನಾನು ಬಿಟ್ಟು ಎಷ್ಟೋ ದಿನ ಆಯ್ತು ಕಣೇ. ಹೊಟ್ಟೆ ತೊಳಸ್ತಿತ್ತು."

"ಯಾವಾಗ ಬಿಟ್ರಿ?"

"ಮೊದಲನೇ ವಾರದಲ್ಲೇ."

"ಮತ್ತೆ ಬೆಳಗ್ಗೆ ಬಾಯಿಗೆ ಹಾಕ್ಕೊಳ್ಳೋದು?"

"ಪೆಪ್ಪರ್‌ಮೆಂಟು."

ಪೊರಕೆ ಕೈಯಲ್ಲಿ ಹಿಡಿದೇ ಗಿರಾಕಿಯ ಕುರ್ಚಿಯ ಮೇಲೆ ಕೂತೆ. ಅಣ್ಣನಿಗೆ ಹೇಳಿದ್ದು? ಔಷಧಿ ಅಂಗಡಿಯವನಿಗೆ? ಕನ್ನಡಿಯಲ್ಲಿ ಕೈ ಮುಗಿದ ಆ ಪಾಪದ ಗಿರಾಕಿಗೆ?

"ನೀನು ದಿನಾ ಸಂಜೆ ಚಪ್ಪಲಿ ಕೂಡ ಬಿಡ್ದೆ ಬಂದು ನನ್ನ ಕೈ ನೋಡ್ತಿದ್ದೆ," ಎಂದರು ಅತ್ತಿಗೆ. "ಆ ಮುಖ ನೋಡ್ಕೊಂಡು ಹೊಟ್ಟೆ ತೊಳಸತ್ತೆ ಅಂತ ಹೇಗೆ ಹೇಳ್ಲಿ? ನಿನಗೆ ಬೇಜಾರಾಗಲ್ವಾ?"

"ನಿಮಗೆ ಬೇಜಾರಾಗತ್ತೆ ಅಂತ ನಾನು ಒಂದೂವರೆ ತಿಂಗಳಿಂದ ಹೇಳಿಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅತ್ತಿಗೆ ನಕ್ಕು ನಕ್ಕು ಸುಸ್ತಾಗಿ, ಕೈಸನ್ನೆಯಲ್ಲೇ ಸಾಕು ಸಾಕು ಎಂದು ಗೋಡೆಗೆ ಒರಗಿಕೊಂಡರು. ಆಮೇಲೆ ನಾನು ಕೇಳಿದೆ, ಹಾಗಾದರೆ ಕೈ ಸರಿಹೋದದ್ದು ಯಾವುದರಿಂದ? "ಯಾರಿಗ್ಗೊತ್ತು? ಬಂದಿತ್ತು, ಹೋಯ್ತು," ಎಂದರು.

ವಿಶ್ರಾಂತಿಯಿಂದ ಇರಬಹುದು. ಅರ್ಧದ ಲೆಕ್ಕದಿಂದ, ನಡಿಗೆಯಿಂದ, ಇಲ್ಲವೇ ಬರೀ ಕಾಲದಿಂದ. ತಿಳಿಯುವ ದಾರಿಯಿಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು. ಇರುವುದು ಒಬ್ಬರೇ ಅತ್ತಿಗೆ.

ಜುಲೈ ೪, ಶುಕ್ರವಾರ

ಉಪನ್ಯಾಸವನ್ನು ನಾನೇ ಮಾಡಬೇಕಂತೆ. "ನಾನು ಹೇಳಿದ್ರೆ ಕ್ಷಮೆ ಕೇಳಿದ ಹಾಗಿರತ್ತೆ, ನೀನು ಹೇಳಿದ್ರೆ ಸಂಶೋಧನೆ ಇದ್ದ ಹಾಗಿರತ್ತೆ," ಎಂದರು ಪ್ರೊಫೆಸರ್. ನೂರಾರು ಜನರ ಸಭೆ. ಅದರಲ್ಲಿ ಅರ್ಧ ಜನ ಈ ಸಹಕಿಣ್ವದ ಮೇಲೆಯೇ ಬದುಕು ಕಟ್ಟಿಕೊಂಡವರು. ಒಂದು ಮಾತೂ ಕೇಳಿಸದೆ ಹೋಗಬಾರದು, ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳು ಎಂದಿದ್ದಾರೆ. ದಿನಾ ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಪಕ್ಕದ ಮನೆಯವರಿಗೂ ಬಾಯಿಪಾಠವಾಗಿರಬೇಕು.

ಪ್ರೊಫೆಸರ್ ಅತ್ತಿಗೆಯ ಅಂಗಡಿಗೆ ಹೋಗಿದ್ದರಂತೆ! ಹೆಂಗಸರ ಅಂಗಡಿ ಎಂದು ಹೊರಗೇ ನಿಂತಿದ್ದವರನ್ನು ಅತ್ತಿಗೆ ಎಳೆದು ಕೂರಿಸಿ ಕಿವಿಯ ಮೇಲಿನ ಕೂದಲೆಲ್ಲ ತೆಗೆದಿದ್ದಾರೆ. "ಒಳ್ಳೆ ಮನುಷ್ಯ, ಆದ್ರೆ ಕಿವಿ ಪೂರ್ತಿ ಕಾಡಾಗಿತ್ತು."

ಅಣ್ಣ ಬರುವುದು ಇನ್ನೂ ಒಂದೂವರೆ ತಿಂಗಳು ತಡವಂತೆ. ಅತ್ತಿಗೆಗೆ ತುಂಬ ಬೇಸರವಾಯಿತು. ನನಗೂ ಆಗಬೇಕಿತ್ತು. ಉಪನ್ಯಾಸದ ಗಡಿಬಿಡಿಯಲ್ಲಿ ಆಗಲಿಲ್ಲ. ಅತ್ತಿಗೆ ಕೈ ಸರಿಹೋಯಿತಲ್ಲ, ಇನ್ನು ಮನೆಗೆ ಹೋಗಲೇ ಎಂದು ಕೇಳಿದರು. ಮೂರು ಮಹಡಿ ಹತ್ತುವುದು ವೈದ್ಯೆಗೆ ಇಷ್ಟವಾಗಲಿಕ್ಕಿಲ್ಲ ಎಂದೆ. ವೈದ್ಯೆಯನ್ನು ಕೇಳಿಲ್ಲ. ಕೇಳಿದರೆ ಹಾಗೆಯೇ ಹೇಳುತ್ತಾರೆ.

ಜುಲೈ ೧೮, ಶುಕ್ರವಾರ

ಮುಗಿಯಿತು.

ಅತ್ತಿಗೆಯನ್ನು ಬರಬೇಡಿ ಎಂದಿದ್ದೆ. ದೂರ, ಬಸ್ಸು, ಮೆಟ್ಟಿಲು, ಜನ. ಕೇಳಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ನನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು. ಸಭಾಂಗಣದಲ್ಲಿ ಎರಡನೇ ಸಾಲಿನ ತುದಿಯಲ್ಲಿ ಕೂರಿಸಿದೆ. ಮುಂದಿನ ಸಾಲಿನಲ್ಲಿ ಪ್ರೊಫೆಸರ್, ಕಿವಿಗಳು ಹೊಳೆಯುತ್ತಿದ್ದವು.

ಶುರು ಚೆನ್ನಾಗಿಯೇ ಆಯಿತು. ಗಟ್ಟಿಯಾಗಿಯೇ ಮಾತಾಡಿದೆ. ಸಹಕಿಣ್ವ ಏರಿದ ಚಿತ್ರ ತೋರಿಸಿದಾಗ ಜನ ತಲೆಯಾಡಿಸಿದರು. ಓಟದ ಮೊದಲ ಚಿತ್ರಕ್ಕೂ ಆಡಿಸಿದರು. ಆಮೇಲೆ ಎರಡು ಶೆಲ್ಫುಗಳ ಚಿತ್ರ ಹಾಕಿ, "ಇಲ್ಲಿ ನಾವು ತಪ್ಪಿದೆವು," ಎಂದೆ. ಎಲ್ಲರೂ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಇಷ್ಟು ಜನ ನನ್ನ ಮಾತಿಗಾಗಿ ಹೀಗೆ ಕಾದದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಆಗಲೇ ಅತ್ತಿಗೆಯನ್ನು ನೋಡಿದೆ. ನಿದ್ದೆ ಹೋಗಿದ್ದರು. ಕತ್ತು ಒಂದು ಕಡೆ ವಾಲಿ, ಬಾಯಿ ಸ್ವಲ್ಪ ತೆರೆದು, ಎರಡೂ ಕೈ ತೊಡೆಯ ಮೇಲೆ ಅಂಗೈ ಮೇಲಾಗಿ. ಬೆಳಗ್ಗೆಯೇ ಎದ್ದಿದ್ದರು, ಬಸ್ಸಿನಲ್ಲಿ ನಿಂತೇ ಬಂದಿದ್ದೆವು, ದಣಿದಿದ್ದರು.

ಮಾತು ನಿಲ್ಲಿಸಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಬೆಳಕಿನ ವಿಷಯ, ನಿದ್ದೆಯ ವಿಷಯ, ಸಹಕಿಣ್ವ ಏರಿದರೂ ಓಟ ಏರದ ವಿಷಯ. ಸ್ವಲ್ಪ ಮೆಲ್ಲಗೆ ಹೇಳಿದೆ, ಅಷ್ಟೇ. ಹಿಂದಿನಿಂದ ಯಾರೋ "ಜೋರಾಗಿ ಹೇಳಿ, ಕೇಳಿಸ್ತಿಲ್ಲ," ಎಂದರು. ಪ್ರೊಫೆಸರ್ ತಿರುಗಿ ನನ್ನ ಕಣ್ಣು ಹೋದ ಕಡೆ ನೋಡಿದರು. ತಾವೇ ಇನ್ನಷ್ಟು ಮುಂದಕ್ಕೆ ಬಾಗಿ ಕೇಳಿಸಿಕೊಂಡರು.

ಕೊನೆಯಲ್ಲಿ ಚಪ್ಪಾಳೆಗೆ ಅತ್ತಿಗೆಗೆ ಎಚ್ಚರವಾಯಿತು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು, ಕೈ ತಲೆಗಿಂತ ಮೇಲೆತ್ತಿ.

ಹಿಂದಿನ ಸಾಲುಗಳವರಿಗೆ ಮುಖ್ಯ ಭಾಗವೇ ಕೇಳಿಸಲಿಲ್ಲವಂತೆ. ಚಹಾದ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ಕೇಳಿದರು. ಮೈಕು ಸರಿಯಿರಲಿಲ್ಲ ಎಂದು ಹೇಳಿದೆ.